ಹನ್ನೆರಡು ಪೇಟೆಗಳ ಊರು

ತರ್ರ್ ಎಂದು ಒಂದು ಸಣ್ಣ ಸದ್ದು. ನಿಂತಿತು. ಮತ್ತೆ ತರ್ರ್. ಸೈಕಲ್ ಚಕ್ರದ ಕಡ್ಡಿಗೆ ರಟ್ಟಿನ ಚೂರು ಸಿಕ್ಕಿಸಿದಾಗ ಬರುವಂಥ ಸದ್ದು, ಆದರೆ ಎಷ್ಟೋ ಮೆತ್ತಗೆ, ಕೇಳಿಸಿಕೊಂಡವರಿಗೇ ಅನುಮಾನ ಹುಟ್ಟಿಸುವಷ್ಟು ಮೆತ್ತಗೆ. ಮಾಧವಿ ಕೀಬೋರ್ಡಿನಿಂದ ಕೈ ತೆಗೆದು ಕಿವಿಗೊಟ್ಟಳು. ರಾತ್ರಿ ಹನ್ನೊಂದೂ ಮುಕ್ಕಾಲು. ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು; ಯುಪಿಎಸ್‌ನ ಬ್ಯಾಟರಿಗಳ ಮೇಲೆ ಯಂತ್ರಗಳು ಓಡುತ್ತಿದ್ದವು, ಎಸಿ ಮಾತ್ರ ನಿಂತಿತ್ತು. ಹಲ್ಲಿಯಿರಬೇಕು ಅಂದುಕೊಂಡಳು. ಹಲ್ಲಿ ಹಾಗೆ ಸದ್ದು ಮಾಡುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು. ಎದ್ದು ಯುಪಿಎಸ್ ನೋಡಿದಳು, ಟೆಲಿಫೋನ್ ಲೈನುಗಳ ಪೆಟ್ಟಿಗೆ ನೋಡಿದಳು, ಕಿಟಕಿಯ ಚಿಲಕ ಎಳೆದು ನೋಡಿದಳು. ಮನೆಯಲ್ಲೂ ಹಾಗೆಯೇ, ಗ್ಯಾಸ್ ಆರಿಸಿದ್ದನ್ನು ಮೂರು ಸಲ ಮುಟ್ಟಿ ನೋಡಿ ಮಲಗಿದ ಮೇಲೆ ನಾಲ್ಕನೆಯ ಸಲಕ್ಕೆ ಏಳುವವಳು ಅವಳು. ದೊಡ್ಡ ಯಂತ್ರದ ಹತ್ತಿರ ಮಾತ್ರ ಹೋಗಲಿಲ್ಲ. ಅದರಿಂದ ಅಂಥ ಬಡಕಲು ಸದ್ದು ಬಂದೀತೆಂದು ಅವಳಿಗೆ ಹೊಳೆಯಲೇ ಇಲ್ಲ. ಬಂದು ಕೂತಳು. ಸದ್ದು ಇನ್ನೆರಡು ಸಲ ಬಂತು, ಆಮೇಲೆ ನಿಂತೇಹೋಯಿತು. ಕೋಣೆಯ ಗುಂಯ್‌ಗುಡುವಿಕೆಯೂ ಒಂದು ಸ್ವರ ಇಳಿದ ಹಾಗನ್ನಿಸಿತು. ಕಿವಿ ಒಗ್ಗಿಕೊಂಡಿರಬೇಕು ಅಂದುಕೊಂಡಳು. ಸದ್ದು ನಿಂತದ್ದು ಅವಳಿಗೆ ಎಷ್ಟು ನೆಮ್ಮದಿ ತಂದಿತೆಂದರೆ, ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿ ಬಗ್ಗಿಸಿಕೊಂಡಳು.

ಅವಳೆದುರಿನ ಪರದೆಯಲ್ಲಿ ಒಂದು ಕೋಟೆಯೂರಿನ ನಕ್ಷೆ. ಊರಿನಲ್ಲಿ ಹನ್ನೆರಡು ಪೇಟೆಗಳು, ಪೇಟೆ ಪೇಟೆಗಳ ನಡುವೆ ಬಾಗಿಲುಗಳು, ನಡುವೆ ಒಂದು ಕೆರೆ. ಅಲ್ಲಿ ಅರವತ್ತೊಂದು ಚುಕ್ಕೆಗಳು ಓಡಾಡುತ್ತಿದ್ದವು. ಒಂದೊಂದು ಚುಕ್ಕೆಯೂ ಒಬ್ಬ ಮನುಷ್ಯ. ನಾಗರಾಜ ನಾಲ್ಕು ಊರುಗಳಲ್ಲಿ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ, ಗಂಟೆಗೆ ಹದಿನೈದು ರೂಪಾಯಿಯ ಗೇಮ್ ಸೆಂಟರುಗಳನ್ನಿಟ್ಟಿದ್ದ. ಇಷ್ಟು ದಿನ ಮಾಲೂರಿನವರು ಮಾಲೂರಿನವರ ಜೊತೆಗೇ, ಮುಳಬಾಗಿಲಿನವರು ತಮ್ಮತಮ್ಮಲ್ಲೇ ಆಡುತ್ತಿದ್ದರು. ನಾಲ್ಕೂ ಊರಿನವರು ಒಂದೇ ಆಟದಲ್ಲಿ ಸೇರಬೇಕು, ಮುಂದೆ ಸಾವಿರ ಜನ ಆಡಬೇಕು, ಆಟವೆಲ್ಲ ಕೋಲಾರದ ತನ್ನ ಮನೆಯ ಮಹಡಿಯಲ್ಲಿ, ಮಾಧವಿ ಕೂತಿರುವ ಈ ಕೋಣೆಯಲ್ಲಿ, ನಡೆಯಬೇಕು ಎಂಬುದು ಅವನ ಹಂಬಲ. ಅದಕ್ಕೆ ಎರಡು ದಾರಿಯಿತ್ತು. ಒಂದು, ನಾಲ್ಕು ಪ್ರೊಸೆಸರ್‌ಗಳ ಒಂದೇ ದೊಡ್ಡ ಸರ್ವರ್. ಇನ್ನೊಂದು, ಹನ್ನೆರಡು ಸಾಧಾರಣ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಹೆಣೆದು, ಪೇಟೆಗೊಂದರಂತೆ ಹಂಚಿ, ಎಲ್ಲ ಸೇರಿ ಒಂದು ಊರನ್ನು ಹೊರುವಂತೆ ಮಾಡುವುದು. ಬೆಂಗಳೂರಿನ ಅಂಗಡಿಯವರು ಹತ್ತು ದಿನದ ಪರೀಕ್ಷೆಗೆಂದು ದೊಡ್ಡದನ್ನು ಕಳಿಸಿಕೊಟ್ಟಿದ್ದರು. ಹನ್ನೆರಡನ್ನು ಶ್ರೀನಿವಾಸಪುರದ ಸೆಂಟರ್ ನೋಡಿಕೊಳ್ಳುವ ಮುನಿಕೃಷ್ಣ ಹಳೆಯ ಕಂಪ್ಯೂಟರ್‌ಗಳಿಂದ ಕಟ್ಟಿ, ಇಲ್ಲಿಗೇ ತಂದು, ಪ್ಲೈವುಡ್ ಅಟ್ಟಣೆಯಲ್ಲಿ ಜೋಡಿಸಿಟ್ಟಿದ್ದ. ಲೈನುಗಳು ಖಾಲಿಯಿರುವುದು ರಾತ್ರಿ. ಆದ್ದರಿಂದ ಪರೀಕ್ಷೆ ರಾತ್ರಿ. ಇವತ್ತು ದೊಡ್ಡದರ ಸರದಿ. ಬೆಳಿಗ್ಗೆ ಅಂಗಡಿಯವನು ಬರುತ್ತಾನೆ, ನಾಗರಾಜ ಚೆಕ್ ಬರೆಯುತ್ತಾನೆ. ಬರೆಯುವುದು ಮಾಧವಿ ಮಾಡಿಕೊಟ್ಟ ಪಟ್ಟಿಯನ್ನು ನೋಡಿ.

ಆ ಪಟ್ಟಿ ಅವಳ ಬ್ಯಾಗಿನಲ್ಲಿತ್ತು. ಅದರಲ್ಲಿ ಯಾವ ಸಾಲೂ ಸುಳ್ಳಲ್ಲ ಎಂದು ಈ ಒಂದು ವಾರದಲ್ಲಿ ಎಷ್ಟು ಸಲ ಹೇಳಿಕೊಂಡಿದ್ದಳೋ. ದೊಡ್ಡದಕ್ಕೆ ಎಲ್ಲ ಸೇರಿ ಮೂರು ವರ್ಷಕ್ಕೆ ಆರು ಲಕ್ಷದ ನಲವತ್ತು ಸಾವಿರ. ಹನ್ನೆರಡಕ್ಕೆ ಏಳು ಲಕ್ಷದ ನಾಲ್ಕು ಸಾವಿರ. ಹನ್ನೆರಡು ಯಂತ್ರಗಳಿಗೆ ಒಂದೇ ಯುಪಿಎಸ್ ಸಾಕಿತ್ತು. ಇದೇ ಕೋಣೆಯಲ್ಲಿ ಒಂದೇ ಇತ್ತು, ಅವಳ ಕಾಲ ಬಳಿಯೇ. ಅವಳು ಹನ್ನೆರಡು ಹಾಕಿದ್ದಳು. ರಿಪೇರಿಯನ್ನು ತಿಂಗಳ ಸಂಬಳದ ಮುನಿಕೃಷ್ಣ ಮಾಡುತ್ತಿದ್ದ. ಅವಳು ಅದನ್ನು ಹೊರಗಿನವರಿಗೆ ಯಂತ್ರಕ್ಕಿಷ್ಟು ಎಂದು ಮೂರು ವರ್ಷ ಕೊಡುವ ಲೆಕ್ಕ ಹಿಡಿದಿದ್ದಳು. ಇವೆರಡನ್ನು ತೆಗೆದು ಸರಿಯಾಗಿ ಬರೆದರೆ ಹನ್ನೆರಡರ ಮೊತ್ತ ನಾಲ್ಕೂವರೆ ಲಕ್ಷಕ್ಕೆ ಇಳಿಯುತ್ತಿತ್ತು. ಯಾಕೆ ಹಾಗೆ ಬರೆದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ, ಜಾಗ್ರತೆಗೆ ಎನ್ನುತ್ತಿದ್ದಳು. ಜಾಗ್ರತೆ ಎಂಬುದು ಅವಳು ಸದಾ ಕೈಯಲ್ಲಿಟ್ಟುಕೊಂಡಿರುವ ಮಾತು. ನಿಜ ಬೇರೆ. ದೊಡ್ಡದು ಕೆಟ್ಟರೆ ಅಂಗಡಿಯವನನ್ನು ಕರೆಯಬಹುದು, ಹನ್ನೆರಡು ಕೆಟ್ಟರೆ ಎಲ್ಲರೂ ಅವಳ ಮುಖ ನೋಡುತ್ತಾರೆ. ಮಾಲೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅವಳೇ ಜೋಡಿಸಿದ್ದ ಕಂಪ್ಯೂಟರ್‌ಗಳು ಒಂದರ ಹಿಂದೊಂದು ನಿಂತುಹೋಗಿದ್ದವು. ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು, ಬೈಯಲೂ ಇಲ್ಲ, ನಲವತ್ತು ಮಕ್ಕಳ ಕಡೆ ತಿರುಗಿ, ನಿಮ್ಮ ಮೇಡಂಗೆ ಯಾರಾದರೂ ಸ್ವಲ್ಪ ಸಹಾಯ ಮಾಡ್ರಪ್ಪ, ಎಂದಿದ್ದರು. ಯಾರೋ ಹಿಂದಿನ ಬೆಂಚಿನಲ್ಲಿ ನಕ್ಕಿದ್ದರು. ಆ ನಗು ಅವಳಿಗೆ ಈಗಲೂ ಅಡಿಗೆಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ಕೇಳುತ್ತದೆ. ಮುನಿಕೃಷ್ಣ ಪಟ್ಟಿಯನ್ನು ನೋಡಲೂ ಇಲ್ಲ. ದೊಡ್ಡದು ಬಂದರೆ ಅದರ ರಿಪೇರಿಯೆಲ್ಲ ಅಂಗಡಿಯವರದೇ, ಶ್ರೀನಿವಾಸಪುರದಲ್ಲಿ ಬಾಗಿಲು ತೆಗೆಯಲು ಅವನಷ್ಟು ಸಂಬಳದವನು ಬೇಕಿಲ್ಲ ಎಂದು ನಾಗರಾಜ ಆಗಲೇ ಅಂದಿದ್ದು ಅವನಿಗೆ ಗೊತ್ತಿತ್ತು. ಆದರೂ, ನೀವು ಬರ್ದಿದೀರಲ್ಲ ಮೇಡಂ, ಸರಿಯಾಗೇ ಇರ್ತದೆ, ಎಂದು ಕಾಗದವನ್ನು ಮಡಿಕೆ ಬಿಚ್ಚದೆ ವಾಪಸು ಕೊಟ್ಟಿದ್ದ.

ಫೋನು ಬಡಿದುಕೊಂಡಿತು. ನಾಗರಾಜ, ಮಾಲೂರಿನ ಸೆಂಟರಿನಿಂದ. ಹಿಂದೆ ಹುಡುಗರ ಗಲಾಟೆ. ಅವನ ದನಿಯಲ್ಲಿ ಮದುವೆಮನೆಯ ಸಡಗರವಿತ್ತು. ಮಾಲೂರಿನವರು ಮುಳಬಾಗಿಲಿನವರ ಬಾವುಟ ಹೊತ್ತುಕೊಂಡು ಬಂದುಬಿಟ್ಟರಂತೆ, ಅವರು ಅಟ್ಟಿಸಿಕೊಂಡು ಕೆರೆ ಏರಿಯವರೆಗೂ ಬಂದರಂತೆ.

“ದೊಡ್ಡದು ದೊಡ್ಡದೇ ಕಣಮ್ಮ ಮಾಧವಿ. ಏನು ಸಲೀಸು ಅಂತೀಯ. ಬೆಣ್ಣೆ ಇದ್ದಂಗಿದೆ.”

“ಹೌದು ಸಾರ್,” ಎಂದಳು. 

ನಿನ್ನ ಪಟ್ಟಿ ಸರಿಯಾಗಿಯೇ ಇದೆ ಬಿಡು ಎಂದೂ ಸೇರಿಸಿದ ಅವನು. ಫೋನಿಡುವ ಹೊತ್ತಿಗೆ ಕರೆಂಟು ಬಂದಿತ್ತು. ಎಸಿ ಹಾಕೋಣವೆಂದು ಎದ್ದವಳು ದೊಡ್ಡ ಯಂತ್ರದ ಮುಂದೆ ಹಾದುಹೋಗುವಾಗ ಸುಮ್ಮನೆ ಅದರ ಕಡೆ ನೋಡಿದಳು. ಅದರ ನೆತ್ತಿಯಲ್ಲಿ ಉರಿಯಬೇಕಾಗಿದ್ದ ಹಸಿರು ದೀಪ ಉರಿಯುತ್ತಿರಲಿಲ್ಲ.

ಒಂದು ಕ್ಷಣ ಅವಳಿಗೆ ಅರ್ಥವೇ ಆಗಲಿಲ್ಲ. ಸತ್ತವರ ಮನೆಯಿಂದ ನಗು ಕೇಳಿಸಿದ ಹಾಗಿತ್ತು. ದೊಡ್ಡದು ಆರಿಹೋಗಿದೆ, ಪರದೆಯಲ್ಲಿ ಚುಕ್ಕೆಗಳು ಓಡಾಡುತ್ತಲೇ ಇವೆ. ಕೈಯಿಟ್ಟಳು, ಸುಡುವಷ್ಟು ಬಿಸಿ. ಆಗ ಹಾರ ಕಂಡಿತು. ಸಂಜೆ ನಾಗರಾಜನ ತಾಯಿ ಶಾಮಲಮ್ಮನವರು ಮೇಲೆ ಬಂದು, ಹೊಸ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಮೊಳಕೈ ಗಾತ್ರದ ಸೇವಂತಿಗೆ ಹಾರವನ್ನು ಮುಂದಿನ ಜಾಲರಿಯ ಮೇಲೆ ಅಡ್ಡಡ್ಡವಾಗಿ ಇಳಿಬಿಟ್ಟಿದ್ದರು. ಬೆಳಿಗ್ಗೆವರೆಗೂ ತೆಗೀಬೇಡಮ್ಮ, ಮುಡಿಸಿದ್ದು ತಾನಾಗೇ ಬಾಡಬೇಕು, ಎಂದಿದ್ದರು. ಗಾಳಿ ಒಳಗೆಳೆದುಕೊಳ್ಳುವ ಜಾಲರಿ ಅದು ಎಂದು ಮಾಧವಿಗೆ ಗೊತ್ತಿತ್ತು. ಹೇಳಬೇಕು ಅಂದುಕೊಂಡಿದ್ದಳು. ಆದರೆ ಆಗ ಅವಳೂ ಕೈಮುಗಿದು ನಿಂತಿದ್ದಳು. ಚಿಕ್ಕವಳಿದ್ದಾಗ ಮುಳಬಾಗಿಲಿನಿಂದ ಅಪ್ಪ ಕುರುಡುಮಲೆಗೆ ಕರೆದುಕೊಂಡು ಹೋದಾಗ, ಕತ್ತಲ ಗರ್ಭಗುಡಿಯಲ್ಲಿ ಆ ಗಣಪನ ಹೊಟ್ಟೆಯೊಂದೇ ತನಗಿಂತ ಎತ್ತರವಿದ್ದುದನ್ನು ಕಂಡು ಅಪ್ಪನ ಪಂಚೆಯ ಚುಂಗು ಹಿಡಿದುಕೊಂಡಿದ್ದಳು. ಈ ಕಪ್ಪು ಯಂತ್ರವನ್ನು ನಾಲ್ಕು ಜನ ಮೆಟ್ಟಿಲು ಹತ್ತಿಸಿ ತಂದ ದಿನವೂ ಹಾಗೇ ಆಗಿತ್ತು. ಅಂಥದ್ದರ ಮೈಮೇಲಿನ ಹೂವನ್ನು ತೆಗೀರಿ ಎನ್ನಲು ಬಾಯಿ ಬಂದಿರಲಿಲ್ಲ. ಎಸಿ ನಿಂತು ಕೋಣೆ ಕಾದ ಮೇಲೆ ಯಂತ್ರ ಉಸಿರು ಎಳೆದಷ್ಟೂ ಹಾರ ಜಾಲರಿಗೆ ಅಂಟಿಕೊಂಡಿದೆ, ಎಸಳುಗಳು ಒಳಗೆ ಹೋಗಿ ಫ್ಯಾನಿಗೆ ಬಡಿದಿವೆ. ತರ್ರ್. ಅವಳು ನೆಮ್ಮದಿಯಿಂದ ಕಾಫಿ ಬಗ್ಗಿಸಿಕೊಂಡದ್ದು ಅದು ಕಣ್ಣು ಮುಚ್ಚಿದ ಗಳಿಗೆಯಲ್ಲಿ.

ಹಾಗಾದರೆ ಅರವತ್ತೊಂದು ಜನ ಎಲ್ಲಿದ್ದಾರೆ? ಕೇಳಿಕೊಂಡಾಗಲೇ ಉತ್ತರ ಹೊಳೆಯಿತು. ಮೂರು ದಿನದ ಹಿಂದೆ, ಯಾರಿಗೂ ಹೇಳದೆ, ಅವಳು ಒಂದು ಸಣ್ಣ ಏರ್ಪಾಡು ಮಾಡಿದ್ದಳು. ದೊಡ್ಡದು ಎರಡು ಸೆಕೆಂಡಿಗೊಮ್ಮೆ ಊರಿನ ಸ್ಥಿತಿಯನ್ನು, ಯಾರು ಎಲ್ಲಿದ್ದಾರೆ, ಯಾರ ಕೈಯಲ್ಲಿ ಏನಿದೆ ಎಂಬುದನ್ನು, ಹನ್ನೆರಡಕ್ಕೆ ತಿಳಿಸುತ್ತಿರಬೇಕು. ಮೂರು ಸಲ ತಿಳಿಸದೆ ಹೋದರೆ ಹನ್ನೆರಡೂ ಸೇರಿ ಊರನ್ನು ವಹಿಸಿಕೊಳ್ಳಬೇಕು. ಅವುಗಳ ಮೇಲಿನ ನಂಬಿಕೆಯಿಂದ ಮಾಡಿದ್ದಲ್ಲ. ಬೀಗದ ಇನ್ನೊಂದು ಕೈಯನ್ನು ಪಕ್ಕದ ಮನೆಯಲ್ಲಿ ಇಟ್ಟಿರುವಂತೆ, ಬರೀ ದಿಗಿಲಿಗೆ ಮಾಡಿದ್ದು. ಮಾಡಿ ಮರೆತೂ ಇದ್ದಳು. ಯಂತ್ರಗಳು ತಾವೇ ಬರೆದಿಡುವ ದಿನಚರಿಯ ಕಡತ ತೆಗೆದು ನೋಡಿದಳು. ಹನ್ನೊಂದು ಐವತ್ತೆರಡಕ್ಕೆ ಒಂದೇ ಒಂದು ಸಾಲು: ಉತ್ತರವಿಲ್ಲ, ವಹಿಸಿಕೊಳ್ಳಲಾಗಿದೆ. ಅದರ ಕೆಳಗೆ ಎಂದಿನಂತೆ ಇಂಥವನು ಬಂದ, ಇಂಥವನು ಹೋದ ಎಂಬ ಸಾಲುಗಳು.

ಮಾಧವಿ ಪ್ಲೈವುಡ್ ಅಟ್ಟಣೆಯ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಹನ್ನೆರಡು ಪೆಟ್ಟಿಗೆಗಳು. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಒಂದಕ್ಕೆ ಮುಚ್ಚಳವಿಲ್ಲ, ಒಂದರ ಗುಂಡಿ ಮುರಿದು ಅಲ್ಲಿ ಮುನಿಕೃಷ್ಣ ಟೇಪ್‌ರೆಕಾರ್ಡರಿನ ಗುಂಡಿ ಕೂರಿಸಿದ್ದಾನೆ. ಇವುಗಳಿಗೆ ಯಾರೂ ಕುಂಕುಮ ಹಚ್ಚಿರಲಿಲ್ಲ. ಪ್ರತಿಯೊಂದರ ಎದೆಯಲ್ಲೂ ಒಂದು ಸಣ್ಣ ದೀಪ ತನ್ನ ಪಾಡಿಗೆ ಮಿಣುಕುತ್ತಿತ್ತು. ಏಳನೆಯ ಪೇಟೆಯಿಂದ ಎಂಟನೆಯ ಪೇಟೆಗೆ ಯಾರೋ ಓಡುತ್ತಿದ್ದಾರೆ. ಏಳನೆಯ ದೀಪ ಒಂದು ಸಲ ಬಿಕ್ಕಿದಂತೆ ಮಿನುಗಿತು, ಎಂಟನೆಯದು ಮಿನುಗಿತು, ಅಷ್ಟೆ. ಆ ಎರಡು ಮಿನುಗುಗಳ ನಡುವೆ ಒಬ್ಬ ಮನುಷ್ಯ ಒಂದು ಯಂತ್ರದಿಂದ ಪೂರ್ತಿ ಎದ್ದು ಇನ್ನೊಂದರೊಳಗೆ ಪೂರ್ತಿ ಕಾಲಿಟ್ಟಿದ್ದ, ಅವನ ಕೈಯ ಬಾವುಟದ ಸಮೇತ, ಅವನ ದಣಿವಿನ ಸಮೇತ. ಅವನಿಗೆ ಗೊತ್ತೇ ಇಲ್ಲ. ರಾಯಲ್ಪಾಡು ದಾಟಿ ಆಂಧ್ರದ ಕಡೆ ಹೋಗುವ ಬಸ್ಸಿನಲ್ಲಿ ಒಮ್ಮೆ ಕಿಟಕಿಯ ಪಕ್ಕ ಕೂತಿದ್ದಳು. ಒಂದು ಕಡೆ ಅಂಗಡಿಗಳ ಬೋರ್ಡು ಕನ್ನಡದಲ್ಲಿತ್ತು, ಮಾವಿನ ತೋಪು ಬಂತು, ತೋಪು ಮುಗಿದಾಗ ಬೋರ್ಡು ತೆಲುಗಿನಲ್ಲಿತ್ತು. ಹಿಂದಿನ ಸೀಟಿನ ಹೆಂಗಸರಿಬ್ಬರು ಯಾವುದೋ ಸೊಸೆಯ ಸುದ್ದಿಯನ್ನು ಎರಡೂ ಭಾಷೆ ಬೆರೆಸಿ ಆಡುತ್ತಲೇ ಇದ್ದರು, ಮಾತು ಎಲ್ಲೂ ಕಡಿಯಲಿಲ್ಲ. ಗಡಿ ಎಲ್ಲಿತ್ತು ಎಂದು ಅವಳು ಆಗಲೂ ಹಿಂತಿರುಗಿ ಹುಡುಕಿದ್ದಳು. ಕುರುಡುಮಲೆಯ ಗಣಪನೆದುರು ಎಲ್ಲಿ ನೋಡಬೇಕೆಂದು ಗೊತ್ತಿತ್ತು, ಕೈಮುಗಿಯಲು ಒಂದು ಮುಖವಿತ್ತು. ಇಲ್ಲಿ ಮುಖವಿಲ್ಲ. ಊರು ಹನ್ನೆರಡರಲ್ಲಿ ಯಾವುದರಲ್ಲೂ ಇರಲಿಲ್ಲ. ಒಂದನ್ನು ಬಿಚ್ಚಿ ನೋಡಿದರೆ ಧೂಳು, ತಂತಿ. ಆದರೂ ಊರು ಇತ್ತು. ಅವಳು ಹುಟ್ಟಿಸಿಕೊಂಡ ದಿಗಿಲು, ಮುನಿಕೃಷ್ಣನ ಟೇಪ್‌ರೆಕಾರ್ಡರಿನ ಗುಂಡಿ, ಇಂಥವುಗಳ ಮೇಲೆ ಆ ಕೋಟೆ, ಆ ಕೆರೆ, ಆ ಅರವತ್ತೊಂದು ಜೀವ ನಿಂತಿದ್ದವು. ಅವಳ ಕಣ್ಣಲ್ಲಿ ನೀರು ಬಂತು. ಯಾರಾದರೂ ನೋಡಿಯಾರೆಂದು ಬಾಗಿಲ ಕಡೆ ತಿರುಗಿದಳು. ಹೊರಗೆ ಹಜಾರದಲ್ಲಿ, ಅವಳ ಜೊತೆಗೆಂದು ಚಾಪೆ ಹಾಸಿಕೊಂಡು ಮಲಗಿದ್ದ ಶಾಮಲಮ್ಮನವರ ಉಸಿರು ಕೇಳಿಸುತ್ತಿತ್ತು.

ಒಂದು ಗಂಟೆಗೆ ಮುನಿಕೃಷ್ಣನ ಫೋನು ಬಂತು. ಶ್ರೀನಿವಾಸಪುರದಲ್ಲಿ ಎಲ್ಲ ಚೆನ್ನಾಗಿದೆಯೆಂದ. ಹನ್ನೆರಡು ಗಂಟೆಯ ಹತ್ತಿರ ಒಂದೈದಾರು ಸೆಕೆಂಡು ನಿಂತಂಗಾಯ್ತು, ಹುಡುಗರು ಟೆಲಿಫೋನ್‌ನವರನ್ನು ಬೈದು ಮತ್ತೆ ಆಡಿಕೊಂಡರು, ಲೈನೇ ಇರಬೇಕು ಎಂದ. ಆಮೇಲೆ ಕೇಳಿದ:

“ನಮ್ಮವು ಏನ್ಮಾಡ್ತಾವೆ ಮೇಡಂ? ಸುಮ್ನೆ ಕುಂತು ಕರೆಂಟ್ ತಿಂತಾವಾ?”

ಹೇಳಬಹುದಾಗಿತ್ತು. ಒಂದು ಮಾತು ಸಾಕಿತ್ತು. ಆ ಮಾತಿನ ಬೆನ್ನಿಗೇ ಪಟ್ಟಿಯ ಮಾತು ಬರುತ್ತದೆ, ಹನ್ನೆರಡು ಯುಪಿಎಸ್ ಬರುತ್ತದೆ, ಮಡಿಕೆ ಬಿಚ್ಚದೆ ವಾಪಸು ಕೊಟ್ಟ ಕಾಗದ ಬರುತ್ತದೆ. “ಇದಾವೆ ಮುನಿಕೃಷ್ಣಪ್ಪ, ಚೆನ್ನಾಗಿದಾವೆ,” ಎಂದಳು.

“ಇರ್ಲಿ ಬಿಡಿ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬರ್ತೀನಿ. ಬಿಚ್ಚಿ ತಗೊಂಡೋಗಾಕೆ ಸ್ಕ್ರೂಡ್ರೈವರ್ ತರ್ತೀನಿ,” ಎಂದು ಅವನು ನಕ್ಕ. ಆ ನಗುವಿನಲ್ಲಿ ಮುನಿಸು ಇರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಎರಡು ಗಂಟೆಗೆ ಆಟ ಮುಗಿಯಿತು. ಚುಕ್ಕೆಗಳು ಒಂದೊಂದಾಗಿ ಆರಿ, ಕೊನೆಗೆ ಕೆರೆ ಏರಿಯ ಮೇಲೆ ಒಂದೇ ಉಳಿದು, ಅದೂ ಆರಿತು. ಮಾಧವಿ ಹಾರವನ್ನು ಎತ್ತಿ ದೊಡ್ಡ ಯಂತ್ರದ ನೆತ್ತಿಯ ಮೇಲೆ ಸುತ್ತಿಟ್ಟಳು. ಮುಚ್ಚಳ ತೆಗೆದು, ಫ್ಯಾನಿಗೆ ಸಿಕ್ಕಿದ್ದ ಎಸಳುಗಳನ್ನು ಹೇರ್‌ಪಿನ್ನಿನಿಂದ ಒಂದೊಂದೇ ಬಿಡಿಸಿದಳು. ಪೂಜೆಯ ಹೂವು, ಕಸದ ಬುಟ್ಟಿಗೆ ಹಾಕುವಂತಿಲ್ಲ, ತುಳಿಯುವ ಕಡೆ ಬಿಡುವಂತಿಲ್ಲ. ಖಾಲಿಯಾಗಿದ್ದ ಟಿಫಿನ್ ಡಬ್ಬಿಯಲ್ಲಿ ತುಂಬಿ ಮುಚ್ಚಿದಳು. ಗುಂಡಿ ಒತ್ತಿದರೆ ಯಂತ್ರ ಏನೂ ಆಗದಂತೆ ಎದ್ದಿತು. ಅದರದೇನೂ ತಪ್ಪಿಲ್ಲ, ಉಸಿರು ಕಟ್ಟಿಸಿದವರು ನಾವು. ಇದನ್ನು ಮುಂದಿಟ್ಟು ದೊಡ್ಡದನ್ನು ಸೋಲಿಸಿದರೆ ಅದೂ ಇನ್ನೊಂದು ಓರೆ ಪಟ್ಟಿಯೇ ಅನ್ನಿಸಿತು. ಹೊಸ ಹಾಳೆ ಹಾಕಿ ಪಟ್ಟಿಯನ್ನು ಮೊದಲಿನಿಂದ ಬರೆದಳು. ಯುಪಿಎಸ್ ಒಂದು. ಹೊರಗಿನ ರಿಪೇರಿ ಇಲ್ಲ. ಹೆಚ್ಚುವರಿ ಕರೆಂಟಿನ ಖರ್ಚನ್ನು ಹಾಗೇ ಉಳಿಸಿದಳು, ಅದು ನಿಜವಾಗಿತ್ತು. ನಾಲ್ಕು ಲಕ್ಷದ ಐವತ್ತು ಸಾವಿರ. ಮೂರು ಸಲ ಕೂಡಿ ನೋಡಿದಳು. ನಾಲ್ಕನೆಯ ಸಲ ನೋಡಬೇಕೆನ್ನಿಸಲಿಲ್ಲ.

ಬೆಳಿಗ್ಗೆ ಏಳೂವರೆಗೆ ನಾಗರಾಜ ಬಂದ, ರಾತ್ರಿಯ ಗೆಲುವು ಇನ್ನೂ ಮುಖದ ಮೇಲಿತ್ತು. ಹೊಸ ಹಾಳೆ ಕೊಟ್ಟಳು. ಅವನು ಓದಿದ, ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟು ಮತ್ತೆ ಓದಿದ. ಯುಪಿಎಸ್ ಹನ್ನೆರಡು ಅಂತ ಹಾಕಿದ್ದೆ ಸಾರ್, ಒಂದೇ ಸಾಕು. ರಿಪೇರಿಯನ್ನು ಹೊರಗಿನವರ ಲೆಕ್ಕದಲ್ಲಿ ಹಿಡಿದಿದ್ದೆ, ಅದೂ ಬೇಕಿಲ್ಲ, ಎಂದಳು. ಅಷ್ಟರಲ್ಲಿ ಶಾಮಲಮ್ಮನವರು ಕಾಫಿ ತಂದರು, ಮುನಿಕೃಷ್ಣ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಎಲ್ಲರೂ ಇದ್ದಾಗಲೇ ನಾಗರಾಜ ನಕ್ಕು ಹೇಳಿದ:

“ಎಮ್ಮೆಸ್ಸಿ ಮಾಡ್ಕೊಂಡು ಹನ್ನೆರಡಕ್ಕೂ ಒಂದಕ್ಕೂ ವ್ಯತ್ಯಾಸ ಗೊತ್ತಾಗಲಿಲ್ವೇನಮ್ಮ?”

ಮಾಧವಿಗೆ ಹಿಂದಿನ ಬೆಂಚಿನ ನಗು ಕೇಳಿಸಿತು. ಕೇಳಿಸಿ, ದೂರ ಹೋಯಿತು. ನಾಗರಾಜ ಹಾಳೆಯನ್ನು ಮಡಿಸುತ್ತ, ಆದರೂ ನಾನು ಕಣ್ಣಾರೆ ನೋಡಿದ್ದೀನಲ್ಲ, ರಾತ್ರಿ ಪೂರ್ತಿ ದೊಡ್ಡದು ಒಂದು ಸಲವೂ ನಿಲ್ಲಲಿಲ್ಲ, ಈ ಗುಜರಿ ಡಬ್ಬಗಳನ್ನು ನಂಬಿಕೊಂಡು ಯಾರು ಜವಾಬ್ದಾರಿ ತಗೋತಾರೆ, ಎಂದ. ಚೆಕ್ ಪುಸ್ತಕ ಅವನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಮುನಿಕೃಷ್ಣ ನೆಲ ನೋಡುತ್ತಿದ್ದ. ಶಾಮಲಮ್ಮನವರು, ಹಾರ ನೆತ್ತಿಯ ಮೇಲೆ ಹೋಗಿ ಕೂತದ್ದನ್ನು ಗಮನಿಸಿ, ಏನನ್ನೋ ಕೇಳಲು ಬಾಯಿ ತೆರೆದು, ಮಗ ಮಾತಾಡುತ್ತಿದ್ದಾನೆಂದು ಸುಮ್ಮನಾದರು. ಒಂದೇ ಒಂದು ಮಾತು. ದಿನಚರಿಯ ಆ ಒಂದು ಸಾಲು ತೋರಿಸಿದರೆ ಮುಗಿಯಿತು. ಅದು ಅವಳ ನಾಲಗೆಯ ತುದಿಗೆ ಬಂದಿತ್ತು. ಮುದುಕಿಯ ಕುಂಕುಮದ ಬೆರಳುಗಳು ಕಾಫಿ ಲೋಟವನ್ನು ಅವಳ ಕೈಗಿಡುತ್ತಿದ್ದವು.

“ನಾನು ತಗೋತೀನಿ ಸಾರ್,” ಎಂದಳು. “ಇವತ್ತು ರಾತ್ರಿ ಈ ಹನ್ನೆರಡು ಯಂತ್ರಗಳ ಮೇಲೆ ಆಡಿಸಿ ನೋಡೋಣ. ನಿಂತರೆ ನನ್ನನ್ನು ಕೇಳಿ. ಮುನಿಕೃಷ್ಣಪ್ಪನವರನ್ನಲ್ಲ.”

ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ನಾಗರಾಜ ಅವಳನ್ನು ನೋಡಿದ, ಹಾಳೆಯ ಕೊನೆಯ ಎರಡು ಮೊತ್ತಗಳನ್ನು ನೋಡಿದ. ಅಂಗಡಿಯವನಿಗೆ ನಾಳೆ ಬಾ ಅಂತೀನಿ ಬಿಡು, ಎಂದು ಗೊಣಗಿ ಕೆಳಗಿಳಿದ. ಶಾಮಲಮ್ಮನವರು ಹಾರದ ಮಾತು ಮರೆತು ಮಗನ ಹಿಂದೆ ಹೋದರು.

ಮುನಿಕೃಷ್ಣ ಚೀಲದಿಂದ ಸ್ಕ್ರೂಡ್ರೈವರ್ ತೆಗೆದವನು ಮತ್ತೆ ಒಳಗಿಟ್ಟ. ಇಪ್ಪತ್ತು ವರ್ಷ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿದವನ ಅಭ್ಯಾಸ; ಅಟ್ಟಣೆಯ ಹತ್ತಿರ ಹೋಗಿ, ಮಗುವಿನ ಜ್ವರ ನೋಡುವಂತೆ, ಅಂಗೈ ಮಗುಚಿ ಒಂದೊಂದೇ ಪೆಟ್ಟಿಗೆಯ ಮೇಲಿಟ್ಟು ನೋಡಿದ. ಏಳನೆಯದರ ಮೇಲೆ ಕೈ ಸ್ವಲ್ಪ ಹೊತ್ತು ನಿಂತಿತು. ಅವಳ ಕಡೆ ತಿರುಗಿದ. ಅವನ ಕಣ್ಣಲ್ಲಿದ್ದದ್ದು ಪ್ರಶ್ನೆಯೋ ಬರೀ ನಿದ್ದೆಗೇಡೋ ಅವಳಿಗೆ ತಿಳಿಯಲಿಲ್ಲ.

“ರಾತ್ರಿ ಏನಾದ್ರೂ ಆಯ್ತಾ ಮೇಡಂ?”

ದಿನಚರಿಯ ಕಡತ ಏಳು ದಿನವಾದ ಮೇಲೆ ತಾನಾಗಿಯೇ ಅಳಿದುಹೋಗುತ್ತದೆ, ಹಾಗೆಂದು ಅವಳೇ ಬರೆದಿಟ್ಟಿದ್ದಾಳೆ. ಹೇಳಿದರೆ ಅದು ಪಟ್ಟಿಯಲ್ಲಿ ಇನ್ನೊಂದು ಸಾಲಾಗುತ್ತದೆ. ಯಾರದೋ ತಪ್ಪಾಗುತ್ತದೆ, ಯಾರದೋ ಗೆಲುವಾಗುತ್ತದೆ. ಇವನಿಗೆ ಸಲ್ಲಬೇಕಾದದ್ದನ್ನು ಇವನಿಂದಲೇ ಮುಚ್ಚಿಡುತ್ತಿದ್ದೇನೆ ಎಂಬುದೂ ಗೊತ್ತಿತ್ತು. ಅದು ಚುಚ್ಚಿತು, ಚುಚ್ಚುತ್ತಲೇ ಇರುತ್ತದೆ. ಮನೆಗೆ ಹೋಗಿ ಗಂಡನಿಗೂ ಹೇಳುವುದಿಲ್ಲ, ಇವನಿಗೂ ಇಲ್ಲ, ಯಾರಿಗೂ ಇಲ್ಲ. ಬ್ಯಾಗು ಹೆಗಲಿಗೇರಿಸಿದಳು. ಒಳಗೆ ಎಸಳು ತುಂಬಿದ ಟಿಫಿನ್ ಡಬ್ಬಿ ಖಾಲಿಯಿದ್ದಷ್ಟೇ ಹಗುರವಾಗಿತ್ತು.

“ಏನಿಲ್ಲ,” ಎಂದಳು. “ಲೈನು ಒಂಚೂರು ನಿಂತಿತ್ತು.”